ಎರಡು ಪೆಟ್ಟಿಗೆ, ಒಂದು ಹಸಿಬಿ

ಶಹಾಪುರ
೨೨ ಏಪ್ರಿಲ್ ೨೦೧೯

ಚಿ. ಮಾನಮ್ಮಗೆ,
ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಲಕೋಟೆಯ ಮೇಲೆ ನಿನ್ನ ಅಕ್ಷರ ಕಂಡು ನಿನ್ನ ಅತ್ತೆ ದೇವಕಮ್ಮ ಗಾಬರಿಯಾದಳು. ಸುರಪುರದಲ್ಲಿ ಶಾಲೆಯ ನೌಕರಿ ಮಾಡಿಕೊಂಡು ಆಗಾಗ ಬಸ್ಸು ಹತ್ತಿ ಮನೆಗೆ ಬಂದು ಹೋಗುವ ಸೊಸೆ ಅಂಚೆಯಲ್ಲಿ ಯಾಕೆ ಬರೆದಳು ಎಂಬುದು ಅವಳ ಪ್ರಶ್ನೆ. ನನಗೆ ಅರ್ಥವಾಯಿತು. ಮಾವನ ಎದುರಿಗೆ ನಿಂತು ಸೊಸೆ ಮಾತಾಡುವ ರೂಢಿ ನಮ್ಮಲ್ಲಿಲ್ಲ. ಮದುವೆಯಾದಂದಿನಿಂದ ನೀನು ನನಗೆ ಹೇಳಬೇಕಾದದ್ದನ್ನೆಲ್ಲ ಪಡಸಾಲೆಯ ಬಾಗಿಲ ಹಿಂದೆ ನಿಂತು ಗಂಡ ದೇವಿಂದ್ರನ ಬಾಯಿಂದ ಹೇಳಿಸಿದವಳು. ಅವನು ಹೋದ ಮೇಲೆ ಆ ದಾರಿಯೂ ಮುಚ್ಚಿತು. ಆದ್ದರಿಂದ ಬರೆದದ್ದು ಸರಿಯಾಯಿತು.

ಇನ್ನು ವಿಷಯಕ್ಕೆ ಬರುತ್ತೇನೆ. ದೇವಿಂದ್ರನನ್ನು ಜ್ವರ ಒಯ್ದಂದಿನಿಂದ ನಮ್ಮ ಅಂಗಳದಲ್ಲಿ ತಾಡಪತ್ರಿ ಹೊದ್ದು ನಿಂತಿರುವ ಅವನ ಬೈಕಿನ ಕೀಲಿಯನ್ನು ನೀನು ಕೇಳಿದ್ದೀ. ಕಾಲುವೆಯಲ್ಲಿ ನೀರಿನ ಮಟ್ಟದ ಗೇಜು ಓದುವ ನೌಕರಿಯಲ್ಲಿದ್ದು, ಈ ನೀರು ಹುಟ್ಟುವ ಜಾಗವನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ಅವನು ಹಂಬಲಿಸುತ್ತಿದ್ದ ಪ್ರವಾಸವನ್ನು ನೀನು ಒಬ್ಬಳೇ ಮಾಡುವೆ ಎಂದಿದ್ದೀ. ನಾರಾಯಣಪುರದ ಆಣೆಕಟ್ಟಿನಿಂದ ಕೃಷ್ಣೆಯ ದಂಡೆ ಹಿಡಿದು ಮಹಾಬಲೇಶ್ವರದವರೆಗೆ.

ಗುಲ್ಬರ್ಗಾದ ಕಾಲೇಜಿನಲ್ಲಿ ನಾನಿದ್ದಷ್ಟು ಕಾಲ ಚರ್ಚಾ ಸ್ಪರ್ಧೆಯ ಹಿತ್ತಾಳೆಯ ಢಾಲು ನಮ್ಮ ಕೈಬಿಟ್ಟು ಹೋಗಲಿಲ್ಲ, ಕೊನೆಗೆ ನಮ್ಮ ಪಡಸಾಲೆಗೇ ಬಂತು. ಆ ಶಿಸ್ತಿನಲ್ಲಿಯೇ ಉತ್ತರಿಸುತ್ತೇನೆ. ಮೊದಲನೆಯದು, ಆ ಬೈಕು ಗುಡ್ಡಗಾಡಿಗಾಗಿ ಮಾಡಿದ್ದು. ಎತ್ತರ ಹೆಚ್ಚು, ಭಾರ ಹೆಚ್ಚು, ನಿನ್ನ ಅಳತೆಗೆ ಒಗ್ಗುವಂಥದ್ದಲ್ಲ. ಎರಡನೆಯದು, ನದಿಯ ದಂಡೆಯ ರಸ್ತೆಗಳು ರಸ್ತೆಗಳೇ ಅಲ್ಲ. ಮೂರನೆಯದನ್ನು ನಾನು ಬರೆಯುವುದಿಲ್ಲ. ನಿನಗೆ ಗೊತ್ತಿದೆ.

ವಿಷಯ ಮಂಡಿಸಿದವರಿಗೇ ಕೊನೆಯ ಮಾತಿನ ಹಕ್ಕು ಎಂಬುದು ಚರ್ಚೆಯ ನಿಯಮ. ಮನೆಯಲ್ಲಿ ಮಾತ್ರ ಮೊದಲ ಮಾತೂ ಕೊನೆಯ ಮಾತೂ ಹಿರಿಯರವು. ಕೀಲಿ ನನ್ನ ಬಳಿ ಇದೆ, ಇರುತ್ತದೆ.

ಇಂತಿ,
ಅಂಬ್ರಪ್ಪ


ಸುರಪುರ
೬ ಮೇ ೨೦೧೯

ಪೂಜ್ಯ ಮಾವನವರಿಗೆ,
ಮಾನಮ್ಮ ಮಾಡುವ ನಮಸ್ಕಾರಗಳು.

ನಿಮ್ಮ ಎರಡು ಆಕ್ಷೇಪಗಳಿಗೆ ಉತ್ತರ ಬರೆಯುತ್ತಿದ್ದೇನೆ. ನೀವು ಬರೆಯದೆ ಬಿಟ್ಟ ಮೂರನೆಯದಕ್ಕೆ ನಾನೂ ಬರೆಯುವುದಿಲ್ಲ.

ನಿಮಗೆ ಗೊತ್ತಿಲ್ಲದ ಒಂದು ಸಂಗತಿಯಿದೆ. ಗೋಗಿಯ ಕಡೆಯ ಕಾಲುವೆ ದಂಡೆಯ ಮೇಲೆ ಅವರು ನನಗೆ ಬೈಕು ಕಲಿಸಿದ್ದರು. ನಾನು ಹೆದರಿ ಬ್ರೇಕು ಹಿಡಿದರೆ, "ಅಂಜಬ್ಯಾಡಲೇ, ಬಿದ್ರ ನೀರಾಗ ಬೀಳ್ತಿ. ಬಿದ್ದಾಕಿ ಹಂಗ ಗೇಜು ಎಷ್ಟೈತಿ ನೋಡಿ ಹೇಳು, ನಂದೊಂದು ಕೆಲಸ ಉಳೀತೈತಿ" ಎಂದು ನಗುತ್ತಿದ್ದರು.

ಎತ್ತರದ ಮಾತು ನಿಜ. ಸೀಟಿನ ಒಳಗಿನ ಸ್ಪಂಜು ಕೊಯ್ಯಿಸಿ ಎರಡು ಬೆರಳು ತಗ್ಗಿಸಿದರೆ ನನ್ನ ಎರಡೂ ಕಾಲು ನೆಲಕ್ಕೆ ತಾಗುತ್ತವೆ. ದಂಡೆಯ ರಸ್ತೆಗಾಗಿ ಎಂಜಿನ್ನಿನ ಕೆಳಗೆ ದಪ್ಪ ತಗಡು ಹಾಕಿಸಬೇಕು. ಕಲ್ಲು ಸಿಡಿದರೆ ತಗಡಿಗೆ ಬಡಿಯಲಿ. ಬಿದ್ದಾಗ ಬ್ರೇಕಿನ ಹಿಡಿಕೆ ಮುರಿಯದಂತೆ ಹ್ಯಾಂಡಲ್ಲಿಗೆ ಗಾರ್ಡು ಬೇಕು. ಮಣ್ಣು ಕಚ್ಚಿ ಹಿಡಿಯುವ ಟೈರು ಬೇಕು, ಒಂದು ಟ್ಯೂಬು, ಕೈಪಂಪು. ಪಂಕ್ಚರ್ ತೆಗೆಯುವುದನ್ನು ಕಲಿತಿದ್ದೇನೆ. ಅವರು ಮುಂದೆ ಎರಡು ದೊಡ್ಡ ದೀಪ ಹಾಕಿಸಬೇಕು ಎನ್ನುತ್ತಿದ್ದರು. ಫೋನಿನಲ್ಲಿ ನೋಡಿದ್ದೆಲ್ಲ ಅವರಿಗೆ ಬೇಕಿತ್ತು. ನನಗೆ ಬೇಡ. ಹೊತ್ತು ಮುಳುಗಿದ ಮೇಲೆ ನಾನು ಓಡಿಸುವುದಿಲ್ಲ.

ಸಾಮಾನಿಗೆ ಪೆಟ್ಟಿಗೆ ಬೇಡ, ಚೀಲ ಸಾಕು. ಹಿಂದೆ ವ್ಯಾಪಾರಿಗಳು ಕುದುರೆಯ ಬೆನ್ನ ಮೇಲೆ ಹಾಕುತ್ತಿದ್ದ ಹಸಿಬಿಯಂತೆ, ಎರಡು ಕಡೆ ಜೋತುಬೀಳುವ ತಾಡಪತ್ರಿಯ ಚೀಲ. ಭಾರವೆಲ್ಲ ತಗ್ಗಿನಲ್ಲಿ, ಸೀಟಿಗೆ ಅಂಟಿಕೊಂಡು ಇರುತ್ತದೆ. ಬೈಕು ಬಿದ್ದರೆ ಚೀಲ ಮೆತ್ತಗೆ ಮಡಚಿಕೊಳ್ಳುತ್ತದೆ. ಗಟ್ಟಿ ಪೆಟ್ಟಿಗೆಯಾದರೆ ಅದರ ಅಡಿಗೆ ಕಾಲು ಸಿಕ್ಕಿ ಮುರಿಯುತ್ತದೆ.

ನಾನು ಅವರ ನೆನಪನ್ನು ಒಯ್ಯಲು ಹೊರಟಿಲ್ಲ, ಮಾವಾರ. ನೆನಪು ಎಲ್ಲಿ ಕೂತರೂ ಬರುತ್ತದೆ. ಆ ದಾರಿಯ ಊರುಗಳ ಹೆಸರನ್ನು ನಾವಿಬ್ಬರೂ ಕೂಡಿ ಬಾಯಿಪಾಠ ಮಾಡಿದ್ದೆವು. ಅವುಗಳನ್ನು ನೋಡಬೇಕು, ಅಷ್ಟೇ.

ನಿಮ್ಮ ಸೊಸೆ,
ಮಾನಮ್ಮ


ಶಹಾಪುರ
೨೪ ಮೇ ೨೦೧೯

ಚಿ. ಮಾನಮ್ಮಗೆ,
ಆಶೀರ್ವಾದಗಳು.

ನಿನ್ನ ವಾದದಲ್ಲಿ ತರ್ಕವಿದೆ. ಅದನ್ನು ಒಪ್ಪದಿದ್ದರೆ ನಾನು ಕಲಿತದ್ದಕ್ಕೆ ದ್ರೋಹ. ಸೀಟು, ತಗಡು, ಗಾರ್ಡು, ಟೈರು, ಈ ನಾಲ್ಕನ್ನೂ ಇಲ್ಲಿಯೇ ಮಾಡಿಸುತ್ತೇನೆ. ಚೀಲದ ವಿಷಯದಲ್ಲಿ ಮಾತ್ರ ಒಪ್ಪಲಾರೆ. ಬಟ್ಟೆಯ ಚೀಲವನ್ನು ಯಾವನೋ ಒಬ್ಬ ಬ್ಲೇಡು ಹಿಡಿದು ಕೊಯ್ಯಬಹುದು, ಕಬ್ಬಿಣವನ್ನು ಕೊಯ್ಯಲಾರ. ಬಸ್ ನಿಲ್ದಾಣದ ಹಿಂದೆ ಟ್ರಂಕು ಮಾಡುವವನಿಗೆ ಹೇಳಿ ಎರಡು ಕಬ್ಬಿಣದ ಪೆಟ್ಟಿಗೆ ಮಾಡಿಸಿದ್ದೇನೆ. ಕೀಲಿಕೈ ಉಂಟು. ಬೋಲ್ಟು ಹಾಕಿ ಬೈಕಿಗೆ ಬಿಗಿಸಲಾಗಿದೆ.

ಬೈಕಿನ ಕೀಲಿಯ ಬಗ್ಗೆ ಒಂದು ನಿಬಂಧನೆ. ದಂಡೆಯ ಮೇಲೆ ಒಬ್ಬಳೇ ಇದ್ದಾಗ ಬೈಕು ಬಿದ್ದರೆ ಎತ್ತುವವರು ಯಾರು? ನೀನೇ ಎತ್ತಬೇಕು. ಎತ್ತಬಲ್ಲೆಯೋ ಇಲ್ಲವೋ ಎಂಬುದು ಹೊರಡುವ ಮೊದಲೇ ತೀರ್ಮಾನವಾಗಲಿ. ಕಾರ ಹುಣ್ಣಿಮೆಯ ದಿನ ಓಣಿಯ ಹುಡುಗರು ನಮ್ಮ ಮನೆಯ ಮುಂದೆಯೇ ಗುಂಡುಕಲ್ಲು ಎತ್ತುವುದು ನಿನಗೆ ಗೊತ್ತು. ಅದೇ ದಿನ, ಅದೇ ಜಾಗದಲ್ಲಿ, ಸಾಮಾನು ತುಂಬಿದ ಬೈಕನ್ನು ಮಲಗಿಸುತ್ತೇವೆ. ನೀನು ಅದನ್ನು ನಿಲ್ಲಿಸಿದರೆ ಕೀಲಿ ನಿನ್ನದು. ಹತ್ತಿ ವ್ಯಾಪಾರದ ಅಡತಿ ಅಂಗಡಿಯ ಹಂಪಣ್ಣ ಸಾವುಕಾರರೂ ನಿನ್ನ ಅತ್ತೆಯ ಅಣ್ಣ ತಿಮ್ಮಣ್ಣನೂ ಸಾಕ್ಷಿಯಾಗಿರುತ್ತಾರೆ. ತೀರ್ಪು ಅವರದು, ನನ್ನದಲ್ಲ.

ಹಿಂದಿನ ದಿನ ಸಂಜೆಯೇ ಬಂದು ನಿನ್ನ ಬಟ್ಟೆಬರೆ ತುಂಬಿಕೋ. ಪೆಟ್ಟಿಗೆಯ ತಳಕ್ಕೆ ಹಲಗೆ ಹಾಕಿಸಿದ್ದೇನೆ, ತುಕ್ಕು ಬಟ್ಟೆಗೆ ತಾಗುವುದಿಲ್ಲ.

ಇಂತಿ,
ಅಂಬ್ರಪ್ಪ


ಶಹಾಪುರ
೧೯ ಜೂನ್ ೨೦೧೯

ಚಿ. ಮಾನಮ್ಮಗೆ,
ಆಶೀರ್ವಾದಗಳು.

ಹುಣ್ಣಿಮೆಯ ದಿನ ನಡೆದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ನೀನು ಸೆರಗು ಕಟ್ಟಿ, ಬೆನ್ನು ಕೊಟ್ಟು, ಹ್ಯಾಂಡಲ್ಲು ಹಿಡಿದ ರೀತಿ ಸರಿಯಾಗಿಯೇ ಇತ್ತು. ಮೂರು ಸಲ ಮೊಣಕಾಲಿನವರೆಗೆ ಎತ್ತಿದ್ದು ಎಲ್ಲರೂ ಕಂಡರು. ಮೂರು ಸಲವೂ ಅದು ಮತ್ತೆ ಮಲಗಿತು. ಹಂಪಣ್ಣ, "ಬಿಡ್ರಿ ಮಾಸ್ತರ, ಗುಂಡು ಎತ್ತೋದು ಗಂಡಸ್ರ ಹಬ್ಬ, ಟೀಚರಮ್ಮಗ ಚಾಕ್‌ಪೀಸ್ ಎತ್ತಾಕ ಹೇಳ್ರಿ" ಎಂದದ್ದೂ, ಓಣಿಯ ಹುಡುಗರು ನಕ್ಕದ್ದೂ ಆಗಬಾರದಿತ್ತು. ನಾನು ಅವರನ್ನು ಗದರಿಸಬೇಕಿತ್ತು.

ಸೋಲು ನಿನ್ನದಲ್ಲ, ಬೈಕಿನ ಭಾರದ್ದು ಎಂದು ತಿಳಿ.

ನೀನು ಊಟವನ್ನೂ ಮಾಡದೆ, ಬಟ್ಟೆ ತುಂಬಿದ ಪೆಟ್ಟಿಗೆಗಳನ್ನು ಬಿಚ್ಚಿಸಿಕೊಂಡು ಟಂಟಂ ಆಟೋ ಹತ್ತಿದೆ. ನಾನು ಆಗ ಸಾಕ್ಷಿಗಳನ್ನು ಬೀಳ್ಕೊಡಲು ಓಣಿಯ ತುದಿಯವರೆಗೆ ಹೋಗಿದ್ದೆ. ಪೆಟ್ಟಿಗೆಗಳನ್ನು ಹಾಗೆಯೇ, ತೆರೆಯದೆ, ವಾಪಸು ಕಳಿಸು. ಬಟ್ಟೆಗಳನ್ನು ನಾನೇ ತೆಗೆಸಿ ಕಳಿಸುವ ವ್ಯವಸ್ಥೆ ಮಾಡುತ್ತೇನೆ.

ಇಂತಿ,
ಅಂಬ್ರಪ್ಪ


ಸುರಪುರ
೨ ಜುಲೈ ೨೦೧೯

ಪೂಜ್ಯ ಮಾವನವರಿಗೆ,
ನಮಸ್ಕಾರಗಳು.

ನಿಮ್ಮ ಪತ್ರ ಬರುವ ಮೊದಲೇ ಪೆಟ್ಟಿಗೆ ತೆರೆದಿದ್ದೆ. ಅದರಲ್ಲಿದ್ದವು ನನ್ನ ಸೀರೆಗಳು.

ಟಂಟಂನವನು ಇಳಿಸುವಾಗಲೇ, "ಏನ್ರಿ ಅಕ್ಕಾರ, ಕಲ್ಲು ತುಂಬೀರೇನ್ರಿ ಇದರಾಗ?" ಎಂದ. ನಾನು ನಕ್ಕೆ. ಮನೆಯೊಳಗೆ ಬಂದು ಬಟ್ಟೆ ತೆಗೆದು ತಳದ ಹಲಗೆ ಎಬ್ಬಿಸಿದೆ. ಒಂದೊಂದು ಪೆಟ್ಟಿಗೆಯಲ್ಲಿ ಒಂದೊಂದು ತೂಕದ ಕಲ್ಲು, ಇಪ್ಪತ್ತು ಕೆಜಿಯದು, ಅಡತಿಯಲ್ಲಿ ಹತ್ತಿ ತೂಗುವಂಥದ್ದು. ಅಲುಗಾಡದಂತೆ ಗೋಣಿತಟ್ಟು ಸುತ್ತಿಟ್ಟಿದ್ದಿರಿ.

ಎರಡು ಕಲ್ಲನ್ನೂ ಅದೇ ಗೋಣಿತಟ್ಟಿನಲ್ಲಿ ಕಟ್ಟಿ, ಖಾಲಿ ಪೆಟ್ಟಿಗೆಗಳ ಜೊತೆ ಕಳಿಸುತ್ತಿದ್ದೇನೆ. ತರುವವನಿಗೆ ಬಿತ್ತನೆಯ ಶೇಂಗಾ ಎಂದು ಹೇಳಿದ್ದೇನೆ. ಅತ್ತೆಯವರಿಗೆ ಹೇಳಿಲ್ಲ, ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ನೀವು ಅಂಜಬೇಡಿ.

ಇನ್ನೊಂದು ಮಾತು, ಬೈಕಿನದ್ದು. ದಾರಿಯಲ್ಲಿ ಬೈಕು ಬಿದ್ದರೆ ಹೇರು ಇಟ್ಟುಕೊಂಡು ಯಾರೂ ಎತ್ತುವುದಿಲ್ಲ, ಮಾವಾರ. ಮೊದಲು ಚೀಲ ಬಿಚ್ಚಿ ಬದಿಗಿಟ್ಟು, ಆಮೇಲೆ ಬೈಕು ಎತ್ತುತ್ತಾರೆ. ಚೀಲ ಬೇಕು ಎಂದದ್ದು ಅದಕ್ಕಾಗಿಯೇ. ಬೋಲ್ಟು ಹಾಕಿದ ಪೆಟ್ಟಿಗೆಯನ್ನು ದಾರಿಯಲ್ಲಿ ಬರಿಗೈಯಿಂದ ಬಿಚ್ಚಲು ಬರುವುದಿಲ್ಲ.

ನಿಮ್ಮ ಸೊಸೆ,
ಮಾನಮ್ಮ


ಶಹಾಪುರ
೨೮ ಆಗಸ್ಟ್ ೨೦೧೯

ಚಿ. ಮಾನಮ್ಮಗೆ,

ಆಶೀರ್ವಾದ ಎಂದು ಬರೆಯಲು ಕೈ ಏಳಲಿಲ್ಲ.

ಈ ಪತ್ರವನ್ನು ಎಷ್ಟು ಸಲ ಬರೆದು ಹರಿದೆನೋ ಗೊತ್ತಿಲ್ಲ. ಪ್ರತಿ ಸಲವೂ ಅದು ವಾದವಾಗುತ್ತಿತ್ತು. ಒಬ್ಬ ಮಗನನ್ನು ಕಳೆದುಕೊಂಡವನು ಸೊಸೆಯನ್ನೂ ಕಳೆದುಕೊಳ್ಳಲಾರ ಎಂದು ಒಂದರಲ್ಲಿ ಬರೆದೆ. ಕೇಳಲು ಚೆನ್ನಾಗಿತ್ತು. ಸಭೆಯಲ್ಲಿ ಆಡಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಹರಿದು ಹಾಕಿದೆ, ಏಕೆಂದರೆ ಅದು ಪೂರ್ತಿ ನಿಜವಲ್ಲ.

ನಿಜ ಇಷ್ಟು. ಆ ಬೈಕು ಅಂಗಳದಲ್ಲಿ ನಿಂತಿರುವವರೆಗೆ ಅದರ ಒಡೆಯ ಎಲ್ಲಿಯೋ ಹತ್ತಿರಕ್ಕೆ ಹೋಗಿದ್ದಾನೆ, ಕಾಲುವೆಗೆ ಹೋಗಿದ್ದಾನೆ, ಬರುತ್ತಾನೆ ಎಂದು ನನಗೆ ಬೆಳಗಿನ ಹೊತ್ತು ಅನ್ನಿಸುತ್ತದೆ. ಅದು ಬೀದಿಗೆ ಇಳಿದು ಹೋದರೆ ಹಾಗೆ ಅನ್ನಿಸುವುದು ನಿಲ್ಲುತ್ತದೆ. ಇದನ್ನು ನಿನಗೆ ನೇರವಾಗಿ ಹೇಳಿದ್ದರೆ ನೀನು ಕೀಲಿ ಕೇಳುತ್ತಲೇ ಇರಲಿಲ್ಲವೇನೋ. ಆದರೆ ಇದರಲ್ಲಿ ತರ್ಕವಿಲ್ಲ. ತರ್ಕವಿಲ್ಲದ ಮಾತನ್ನು ಆಡುವುದು ನನಗೆ ನಾಚಿಕೆ. ಮೋಸ ಮಾಡುವುದು ಆ ಹೊತ್ತಿನಲ್ಲಿ ನಾಚಿಕೆ ಎನಿಸಲಿಲ್ಲ. ನಾನು ಎಂಥ ಮನುಷ್ಯ ಎಂಬುದನ್ನು ಇದರಿಂದಲೇ ಅಳೆದುಕೋ.

ನನ್ನ ಅಪ್ಪ ಹಂಪಣ್ಣನ ಅಪ್ಪನ ಅಡತಿಯಲ್ಲಿ ಹಮಾಲಿ ಮಾಡಿದವನು. ಆ ಅಂಗಡಿಯ ಮೆಟ್ಟಿಲ ಮೇಲೆ ಕೂಡ್ರುವ ಹಕ್ಕು ಅವನಿಗಿರಲಿಲ್ಲ. ನಾನು ಮಾತು ಕಲಿತೆ, ಮಾಸ್ತರನಾದೆ, ಇವತ್ತು ಹಂಪಣ್ಣ ನಮ್ಮ ಪಡಸಾಲೆಗೆ ಬಂದು ನನ್ನ ಮಾತು ಕೇಳಿ ಹೋಗುತ್ತಾರೆ. ಅವರ ಅಂಗಡಿಯಲ್ಲಿ ಈಗ ಕರೆಂಟಿನ ತಕ್ಕಡಿ. ಹಳೆಯ ಕಲ್ಲುಗಳು ಮೂಲೆಯಲ್ಲಿ ಬಿದ್ದಿದ್ದವು. ಹಳೆ ಪುಸ್ತಕಗಳ ಮೇಲೆ ಹೇರಿಡಲು ಬೇಕು ಎಂದು ಸುಳ್ಳು ಹೇಳಿ ತಂದೆ. ನನ್ನ ಅಪ್ಪ ಬೆನ್ನು ಬಾಗಿಸಿ ಎತ್ತಿದ ಕಲ್ಲುಗಳನ್ನೇ ನಿನ್ನ ಸೀರೆಗಳ ಕೆಳಗೆ ಇಟ್ಟೆ.

ನೀನು "ಅಂಜಬೇಡಿ" ಎಂದು ಬರೆದದ್ದನ್ನು ಓದಿದಂದಿನಿಂದ ದೇವಕಮ್ಮನ ಮುಖ ನೋಡಿ ಊಟ ಮಾಡಲು ಆಗುತ್ತಿಲ್ಲ. ನೀನು ಬೈದಿದ್ದರೆ ಉತ್ತರ ಕೊಡುತ್ತಿದ್ದೆ.

ಈ ಲಕೋಟೆಯಲ್ಲಿ ಕೀಲಿ ಇದೆ. ನದಿಯ ನೆರೆ ಇಳಿದ ಮೇಲೆ ಹೋಗಿ ಬಾ.

ಅಂಬ್ರಪ್ಪ


ಸುರಪುರ
೧೨ ಸೆಪ್ಟೆಂಬರ್ ೨೦೧೯

ಪೂಜ್ಯ ಮಾವನವರಿಗೆ,
ನಮಸ್ಕಾರಗಳು.

ಕೀಲಿಯನ್ನು ತಿರುಗಿ ಕಳಿಸುತ್ತಿದ್ದೇನೆ.

ಸಿಟ್ಟಿನಿಂದಲ್ಲ. ನೀವು ಬರೆದದ್ದನ್ನು ಓದಿ ಅತ್ತುಬಿಟ್ಟೆ. ಬೆಳಗಿನ ಹೊತ್ತು ಕಾಲುವೆಗೆ ಹೋಗಿದ್ದಾರೆ ಎಂದು ನನಗೂ ಅನ್ನಿಸುತ್ತದೆ. ಆದರೆ ನಾನು ಸೋತದ್ದು ನಾಲ್ಕು ಜನರ ಎದುರಿಗೆ, ಕೀಲಿ ಬಂದದ್ದು ಲಕೋಟೆಯ ಒಳಗೆ. ಇದನ್ನು ಹಿಡಿದು ಬೈಕು ಹೊರಗೆ ತಂದರೆ, ಎತ್ತಲಾರದವಳು ಮಾವನ ಕಾಲು ಹಿಡಿದು ಕೀಲಿ ಇಸಗೊಂಡಳು ಎಂದೇ ಓಣಿಯವರು ತಿಳಿಯುತ್ತಾರೆ.

ಕಾರ ಹುಣ್ಣಿಮೆಯ ಸುದ್ದಿ ಸುರಪುರಕ್ಕೂ ಬಂದಿದೆ. ಬಸ್ ನಿಲ್ದಾಣದಲ್ಲಿ ಯಾರೋ, "ಗುಂಡು ಟೀಚರ್ ಬಂದ್ರು, ಜಾಗ ಬಿಡ್ರಿ" ಎಂದರು. ನಾನು ಹತ್ತುವ ಬಸ್ಸನ್ನು ಬಿಟ್ಟು ಮುಂದಿನದಕ್ಕೆ ಹೋದೆ. ನಾನು ಮಾಡದ ತಪ್ಪಿಗೆ ನಾನು ತಲೆ ತಗ್ಗಿಸಿದೆ, ಮಾವಾರ. ಅದೊಂದೇ ನನಗೆ ಸಹಿಸಲು ಆಗುತ್ತಿಲ್ಲ.

ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಆ ಮಾತು ನನ್ನದು, ಅದನ್ನು ನಾನು ಉಳಿಸುತ್ತೇನೆ. ನಿಮಗೆ ಅದರ ಕಟ್ಟು ಇಲ್ಲ.

ನಿಮ್ಮ ಸೊಸೆ,
ಮಾನಮ್ಮ


ಶಹಾಪುರ
೧೭ ಅಕ್ಟೋಬರ್ ೨೦೧೯

ಚಿ. ಮಾನಮ್ಮಗೆ,

ಶೀಗಿ ಹುಣ್ಣಿಮೆಯ ದಿನ ಅದೇ ಜನರನ್ನು ಕರೆಸಿದೆ. ಹಂಪಣ್ಣ, ತಿಮ್ಮಣ್ಣ, ಓಣಿಯಲ್ಲಿ ಅಂದು ನಕ್ಕವರು. ಭೂಮಿತಾಯಿಗೆ ಎಡೆ ಹಿಡಿದು ಹೊಲಕ್ಕೆ ಚರಗ ಚೆಲ್ಲಿ ಬಂದವರೆಲ್ಲ ಉಂಡ ಹೊಟ್ಟೆಯಲ್ಲಿ ಖುಷಿಯಾಗಿದ್ದರು. ಅಂಗಳದಲ್ಲಿ ಬೈಕು ಮಲಗಿತ್ತು. ಪೆಟ್ಟಿಗೆಗಳು ಅಂದಿನಂತೆಯೇ ಬಿಗಿದಿದ್ದವು, ಕಲ್ಲುಗಳು ಅಂದಿನ ಜಾಗದಲ್ಲಿಯೇ ಇದ್ದವು.

ಹಂಪಣ್ಣ ನೋಡಿದವರೇ, "ಏನ್ ಮಾಸ್ತರ, ಮತ್ತ ಗುಂಡು ಎತ್ತಸ್ತೀರೇನು? ಈ ಸಲ ಯಾರು, ಅಕ್ಕಾರೇನು?" ಎಂದರು.

ನಿನ್ನ ಅತ್ತೆ ಒಳಗಿನಿಂದಲೇ, "ನಾ ಎತ್ತೋದಾದ್ರ ಮೊದಲ ನಿಮ್ಮನ್ನ ಎತ್ತೇನ್ರಿ ಸಾವುಕಾರ್ರ, ಸುಮ್ನ ಕೂಡ್ರಿ" ಎಂದಳು.

"ಈ ಸಲ ನೀವೇ ಎತ್ರಿ" ಎಂದೆ ನಾನು. ಅವರು ನಗುತ್ತಲೇ ಧೋತರ ಎತ್ತಿ ಕಟ್ಟಿದರು. ನಗು ಬಹಳ ಹೊತ್ತು ಉಳಿಯಲಿಲ್ಲ. ತಿಮ್ಮಣ್ಣನೂ ಕೈ ಹಚ್ಚಿದ. ಇಬ್ಬರೂ ಕೂಡಿ ಅರ್ಧಕ್ಕೆ ಎಬ್ಬಿಸಿ ಕೈಬಿಟ್ಟರು. "ಇದೇನ್ ಬೈಕೋ ಮಾರಾಯಾ, ಗುಡ್ಡೋ!" ಎಂದು ಹಂಪಣ್ಣ ನೆಲಕ್ಕೆ ಕೂತರು.

ನಾನು ಪೆಟ್ಟಿಗೆ ತೆರೆದು, ಹಲಗೆ ಕಿತ್ತು, ಗೋಣಿತಟ್ಟು ಬಿಚ್ಚಿದೆ.

"ಇವು ನಮ್ಮಂಗಡಿ ಕಲ್ಲಲ್ಲೇನ್ರಿ? ಪುಸ್ತಕದ ಮ್ಯಾಲ ಇಡ್ತೀನಂತ ಒಯ್ದಿದ್ರಿ?"

"ಹೌದ್ರಿ. ಕಾರಹುಣ್ಣಿವಿ ದಿನಾನೂ ಇದರಾಗ ಇದ್ವು. ನಾನ ಇಟ್ಟಿದ್ದೆ. ಅಕಿಗೆ ಗೊತ್ತಿರಲಿಲ್ಲ."

ಮಾನಮ್ಮ, ಆ ದಿನಕ್ಕಾಗಿ ನಾನು ಒಂದು ಭಾಷಣವನ್ನು ಸಿದ್ಧಮಾಡಿಕೊಂಡಿದ್ದೆ. ಪೀಠಿಕೆಯಿತ್ತು, ಕ್ರಮವಿತ್ತು, ಕೊನೆಗೆ ಕ್ಷಮೆ ಕೇಳುವ ಒಂದು ಒಳ್ಳೆಯ ವಾಕ್ಯವಿತ್ತು. ಹಂಪಣ್ಣ ನನ್ನ ಮುಖ ನೋಡಿ ಮೆಲ್ಲಗೆ, "ಯಾಕ್ ಮಾಸ್ತರ?" ಎಂದು ಕೇಳಿದರು. ಅದೆಲ್ಲ ಎಲ್ಲಿ ಹೋಯಿತೋ.

"ಅಕಿ ಗೆಲ್ತಿದ್ಲು ಅಂತ" ಎಂದೆ.

ಇಷ್ಟು ವರ್ಷ ನಾನು ಆಡಿದ ಮಾತುಗಳಲ್ಲಿ ಅದಕ್ಕಿಂತ ಸಣ್ಣದು ಇಲ್ಲ. ಯಾರೂ ನಗಲಿಲ್ಲ. ನಕ್ಕಿದ್ದರೆ ತಡೆದುಕೊಳ್ಳಬಹುದಿತ್ತು. ತಿಮ್ಮಣ್ಣ ಚಹಾದ ಕಪ್ಪನ್ನು ಹಾಗೆಯೇ ಕೆಳಗಿಟ್ಟು, ಟವೆಲ್ಲು ಕೊಡವಿ ಹೆಗಲಿಗೆ ಹಾಕಿ ಎದ್ದು ಹೋದ. ನಿನ್ನ ಅತ್ತೆ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ, ಪ್ರತಿ ದೀಪಾವಳಿಗೆ ಮುಂಚೆ ತಾನು ಹುಣಸೆಹಣ್ಣು ಹಚ್ಚಿ ಬೆಳಗುವ ಆ ಹಿತ್ತಾಳೆಯ ಢಾಲನ್ನು ತಂದು ನನ್ನ ಮುಂದಿಟ್ಟು, "ಇನ್ನ ಮ್ಯಾಲ ನೀವ ತಿಕ್ಕೋರಿ" ಎಂದು ಹೋದಳು. ಅಷ್ಟೇ.

ಹಂಪಣ್ಣ ಮಾತ್ರ ಹೋಗುವಾಗ ಬಾಗಿಲಲ್ಲಿ ನಿಂತು, "ನಮ್ಮ ಮುತ್ಯಾಂದು ಕುದುರಿ ಹಸಿಬಿ ಒಂದು ಅಟ್ಟದ ಮ್ಯಾಲ ಐತ್ರಿ. ಅಳತಿಗೆ ಬೇಕಾದ್ರ ಒಯ್ರಿ. ಟೀಚರಮ್ಮಗ ನಾ ಅಂದ ಮಾತು ತಪ್ಪಾತಂತ ಹೇಳ್ರಿ" ಎಂದರು. ಆ ಅಳತೆಗೆ ತಾಡಪತ್ರಿ ಹೊಲಿಯುವವನ ಬಳಿ ಚೀಲ ಮಾಡಿಸಿದ್ದೇನೆ. ಒಂದೊಂದು ಕಡೆಗೆ ಒಂದೊಂದೇ ಬಕ್ಕಲ್ಲು. ಕೈಯಲ್ಲಿ ಬಿಚ್ಚಲು ಬರುತ್ತದೆಯೇ ಎಂದು ನಾನೇ ಹತ್ತಾರು ಸಲ ಬಿಚ್ಚಿ ನೋಡಿದ್ದೇನೆ. ಪೆಟ್ಟಿಗೆಗಳನ್ನು ಗುಜರಿಗೆ ಹಾಕಿದೆ.

ಕೀಲಿ ಪಡಸಾಲೆಯ ಮೊಳೆಗೆ ತೂಗುಬಿದ್ದಿದೆ. ಹಾಡುಹಗಲಿನಲ್ಲಿ, ಓಣಿಯ ಎದುರಿಗೆ ಬಂದು ತೆಗೆದುಕೊಂಡು ಹೋಗು. ಪಡಸಾಲೆಯಲ್ಲಿ ನನ್ನ ಕುರ್ಚಿಯ ಎದುರಿಗೆ ಇನ್ನೊಂದು ಕುರ್ಚಿ ಹಾಕಿಸಿದ್ದೇನೆ. ಬಾಗಿಲ ಹಿಂದೆ ನಿಲ್ಲಬೇಡ ಎಂದು ಹೇಳುವ ಅಧಿಕಾರ ನನಗೆ ಉಳಿದಿದೆಯೋ ಇಲ್ಲವೋ ತಿಳಿಯದು. ಕುರ್ಚಿ ಮಾತ್ರ ಅಲ್ಲಿದೆ.

ಅಂಬ್ರಪ್ಪ


ವಾಯಿ, ಕೃಷ್ಣೆಯ ದಂಡೆ
೧೯ ನವೆಂಬರ್ ೨೦೧೯

ಮಾವಾರಿಗೆ,
ನಮಸ್ಕಾರಗಳು.

ಹೊರಡುವ ದಿನವೂ ನಾನು ಬಾಗಿಲ ಹಿಂದೆಯೇ ನಿಂತೆ. ಕುರ್ಚಿ ಕಂಡೆ. ಮೊಳೆಯಿಂದ ಕೀಲಿ ತೆಗೆದುಕೊಳ್ಳುವಷ್ಟು ಒಳಗೆ ಬಂದೆ, ಕುರ್ಚಿಯವರೆಗೆ ಬರಲಿಲ್ಲ. ನೀವೂ ಕರೆಯಲಿಲ್ಲ. ನೀವು ಟೈರಿನ ಗಾಳಿಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡುತ್ತ ಅಂಗಳದಲ್ಲಿಯೇ ಉಳಿದಿರಿ. ನಾನು ಓಣಿ ದಾಟುವಾಗ ಹಂಪಣ್ಣ ಸಾವುಕಾರರು ಅಂಗಡಿಯ ಮೆಟ್ಟಿಲ ಮೇಲೆ ಎದ್ದು ನಿಂತಿದ್ದರು.

ನಾಳೆ ಘಾಟು ಹತ್ತಿ ಮಹಾಬಲೇಶ್ವರ. ಇಲ್ಲಿ ನದಿ ನಮ್ಮ ಕಾಲುವೆಗಿಂತಲೂ ಸಣ್ಣದು. ಅವರಿದ್ದರೆ ಗೇಜು ಓದಿ ನಗುತ್ತಿದ್ದರು.

ಒಂದು ಸಂಗತಿಯನ್ನು ನಿಮಗೆ ಹೇಳಬೇಕು. ಸಾಂಗಲಿ ದಾಟಿದ ಮೇಲೆ, ಕಬ್ಬಿನ ಹೊಲಗಳ ನಡುವೆ, ನೆರೆ ಬಿಟ್ಟುಹೋದ ಕೆಸರಿನಲ್ಲಿ ಬೈಕು ಬಿತ್ತು. ನನ್ನ ಎಡಗಾಲು ಚೀಲದ ಕೆಳಗೆ ಸಿಕ್ಕಿತು, ಚೀಲ ಮಡಚಿತು, ಕಾಲು ಹೊರಗೆ ಬಂತು. ಎಂಜಿನ್ ಬಂದ್ ಮಾಡಿ ಸ್ವಲ್ಪ ಹೊತ್ತು ಅದರ ಪಕ್ಕದಲ್ಲಿ ಕೂತೆ. ಕೂಗಿದರೆ ಕೇಳುವವರು ಯಾರೂ ಇರಲಿಲ್ಲ. ಆಮೇಲೆ ಎರಡೂ ಬಕ್ಕಲ್ಲು ಬಿಚ್ಚಿ ಚೀಲಗಳನ್ನು ಬದುವಿನ ಮೇಲೆ ಇಟ್ಟೆ. ಬೆನ್ನು ಕೊಟ್ಟು, ಹ್ಯಾಂಡಲ್ಲು ಹಿಡಿದು ಎತ್ತಿದೆ. ಮೊದಲನೆಯ ಸಲಕ್ಕೇ ನಿಂತಿತು.

ನೋಡಲು ಒಂದು ಎಮ್ಮೆ ಬಿಟ್ಟರೆ ಸಾಕ್ಷಿ ಯಾರೂ ಇರಲಿಲ್ಲ. ನೀವು ನಂಬುತ್ತೀರಿ ಎಂದು ಬರೆಯುತ್ತಿದ್ದೇನೆ.

ಉಳಿದದ್ದನ್ನು ಬರೆಯುವುದಿಲ್ಲ. ಬಂದ ಮೇಲೆ ಆ ಕುರ್ಚಿಯ ಮೇಲೆ ಕೂತು ಹೇಳುತ್ತೇನೆ. ಮೊದಲ ಮಾತು ನನ್ನದು.

ನಿಮ್ಮ
ಮಾನಮ್ಮ